ಕೆರೆಯ ದಂಡೆಯಲ್ಲಿ ಆರಾಮ


*ಇಂದಿನ ಧಮ್ಮ ಚಿಂತನ*

ಕಳೆದ ರವಿವಾರ ನಮ್ಮ ಅಧ್ಯಯನ ಬಳಗದ ಹನ್ನೊಂದು ಜನ ನಸುಕಿನಲ್ಲೇ ಇಟಗಿ ಬಿಟ್ಟು, ಟೆಂಪೊ ಮಾಡಿಕೊಂಡು, ಗದಗ ದಾಟಿ ಮಾಗಡಿ ಕೆರೆಗೆ ಹೋಗಿಬಂದೆವು. ಗುಂಪಿನಲ್ಲಿ ಫೋಟೊ ಹಾಕಿದ ಕೂಡಲೇ ಒಬ್ಬ ಉಪಾಸಕರು ಕೇಳಿದರು: "ಧಮ್ಮ ಬಿಟ್ಟು ಪಿಕ್‌ನಿಕ್ ಶುರು ಆತೇನ್ರಿ ಸರ?" ನಗೆಯ ಚಿಹ್ನೆ ಹಾಕಿದ್ದರು. ಆದರೂ ಪ್ರಶ್ನೆ ನಿಜವಾದದ್ದೇ, ಹಾಗಾಗಿ ಇವತ್ತಿನ ಪಾಠ ಅದರ ಮೇಲೆ.

ಮಾಗಡಿ ನಮ್ಮ ಜಿಲ್ಲೆಯದೇ, ಶಿರಹಟ್ಟಿ ತಾಲ್ಲೂಕಿನ ಊರು. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಈ ಕೆರೆಗೆ ಬರುತ್ತವೆ. ಸುತ್ತಲ ಹೊಲಗಳಲ್ಲಿ ಮೇಯ್ದು ನೀರಿಗೆ ಮರಳುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿಗೆ ಸೇರಿತು. ಹಕ್ಕಿಗಳಿಗೆ ತೊಂದರೆ ಆಗಬಾರದೆಂದು ಸ್ಪೀಕರ್ ಒಯ್ದಿರಲಿಲ್ಲ; ಹುಡುಗರಿಗೆ ಅದೊಂದು ಬೇಸರ. ಮರದ ನೆರಳಲ್ಲಿ ಚಾಪೆ ಹಾಸಿ ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು.

ನೋಡಿದರೆ, ಜೊತೆಗೆ ಬಂದಿದ್ದ ಎಪ್ಪತ್ತು ದಾಟಿದ ಅಜ್ಜಿ ಟೆಂಪೊದಿಂದ ಇಳಿದೇ ಇಲ್ಲ.

"ಬಾ ಯವ್ವಾ, ಊಟಕ್ಕ."

"ನೀವು ಉಣ್ರೆಪಾ, ನಾ ಇಲ್ಲೇ ಕುಂತೇನಿ. ಯಾರರ ಏನರ ಅಂದಾರು."

ಸಣ್ಣವರಿದ್ದಾಗ ತವರೂರಿನ ಕೆರೆಗೆ ಅವರು ಇಳಿಯುವಂತಿರಲಿಲ್ಲ. ದೂರದಲ್ಲಿ ಕೊಡ ಇಟ್ಟು, ಯಾರಾದರೂ ನೀರು ಸುರಿಯಲಿ ಎಂದು ಬಿಸಿಲೇರುವ ತನಕ ಕಾಯಬೇಕಿತ್ತು. "ಕೆರಿ ಅಂದ್ರ ನಮಗ ನಿಂದರೂ ಜಾಗ, ತಮ್ಮಾ. ಕುಂಡ್ರೂ ಜಾಗ ಅಲ್ಲ" ಅಂದರು.

ಆಗ ನನಗೆ ಬಾಬಾಸಾಹೇಬರ ಒಂದು ಪ್ರವಾಸ ನೆನಪಾಯಿತು. 1934ರಲ್ಲಿ ಸುಮಾರು ಮೂವತ್ತು ಜನ ಕಾರ್ಯಕರ್ತರೊಂದಿಗೆ ಅವರು ವೇರೂಳದ ಬೌದ್ಧ ಗುಹೆಗಳನ್ನು ನೋಡಲು ಹೊರಟಿದ್ದರು. ಅದು ಸಭೆಯೂ ಅಲ್ಲ, ಸತ್ಯಾಗ್ರಹವೂ ಅಲ್ಲ; ನಾವು ಹೋದ ಹಾಗೆ ಜಾಗ ನೋಡುವ ತಿರುಗಾಟ. ದಾರಿಯಲ್ಲಿ ದೌಲತಾಬಾದ್ ಕೋಟೆ ಸಿಕ್ಕಿತು. ಬಾಗಿಲ ಬಳಿ ತುಂಬಿದ ಹೊಂಡ. ಮುಖವೆಲ್ಲ ಧೂಳಾಗಿತ್ತು, ಕೆಲವರು ತೊಳೆದುಕೊಂಡರು. ಹೊಂಡ ಮೈಲಿಗೆಯಾಯಿತೆಂದು ಒಬ್ಬ ಮುದುಕ ಕೂಗುತ್ತ ಬಂದ, ಜನ ಸೇರಿತು. ಸೇರಿದವರು ಮುಸ್ಲಿಮರು. ಅಸ್ಪೃಶ್ಯನೊಬ್ಬ ಮುಸ್ಲಿಮನಾದರೆ ಆಗಲೂ ತಡೆಯುತ್ತೀರಾ ಎಂದು ಬಾಬಾಸಾಹೇಬರು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಕೊನೆಗೆ ಒಳಗೆ ಬಿಟ್ಟರು, ಆದರೆ ಎಲ್ಲೂ ನೀರು ಮುಟ್ಟಬಾರದು. ಅದನ್ನು ಕಾಯಲು ಆಯುಧ ಹಿಡಿದ ಸಿಪಾಯಿ ಬೇರೆ! ಜಾತಿಯ ರೋಗ ಒಂದೇ ಮನೆಯದಲ್ಲ ಎಂದು ತೋರಿಸಲು ಅವರು ಇದನ್ನು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ.

ನಮ್ಮ ರೋಣ ತಾಲ್ಲೂಕು ಆಗ ಧಾರವಾಡ ಜಿಲ್ಲೆಗೆ ಸೇರಿತ್ತು, ಧಾರವಾಡ ಮುಂಬೈ ಪ್ರಾಂತ್ಯಕ್ಕೆ. ಸಾರ್ವಜನಿಕ ಕೆರೆ, ಬಾವಿ, ಧರ್ಮಶಾಲೆಗಳನ್ನು ಅಸ್ಪೃಶ್ಯರೂ ಬಳಸಬಹುದೆಂಬ ಎಸ್.ಕೆ. ಬೋಲೆಯವರ ಠರಾವನ್ನು ಆ ಪ್ರಾಂತ್ಯದ ವಿಧಾನ ಪರಿಷತ್ತು ಪಾಸು ಮಾಡಿದ್ದು 1923ರಲ್ಲಿ. ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಇಳಿದು ನೀರು ಕುಡಿದಾಗ ಬೆನ್ನ ಹಿಂದೆ ಆ ಠರಾವು ಇತ್ತು. ನಮ್ಮ ಅಜ್ಜಿ ಹುಟ್ಟಿದ್ದು ಆಮೇಲೆ ಎಷ್ಟೋ ವರ್ಷಕ್ಕೆ. ಲೆಕ್ಕ ಹಾಕಿ.

ಇನ್ನು ಉಪಾಸಕರ ಪ್ರಶ್ನೆ. ಸಂಘಕ್ಕೆ ಮೊದಲು ದಾನವಾಗಿ ಬಂದ ಜಾಗ ಒಂದು ತೋಟ, ರಾಜಗೃಹದ ವೇಳುವನ. ಊರಿಗೆ ತೀರ ದೂರವಲ್ಲದ, ತೀರ ಹತ್ತಿರವೂ ಅಲ್ಲದ, ಬಂದುಹೋಗಲು ಅನುಕೂಲವಾದ, ರಾತ್ರಿ ಗದ್ದಲವಿಲ್ಲದ ಜಾಗ ಯಾವುದೆಂದು ಯೋಚಿಸಿ ಬಿಂಬಿಸಾರ ಅದನ್ನು ಕೊಟ್ಟನೆಂದು ವಿನಯಪಿಟಕ ಹೇಳುತ್ತದೆ. ಇಂಥ ತೋಟಕ್ಕೆ ಪಾಲಿಯಲ್ಲಿ ಆರಾಮ ಎಂದೇ ಹೆಸರು. ನಾವು ದಿನಾ "ಆರಾಮ ಅದೀರಿ?" ಎಂದು ಕೇಳುವ ಪದ ಪಾರಸಿಯಿಂದ ಬಂದದ್ದು, ಆದರೆ ಎರಡರ ಬೇರು ಒಂದೇ. (ಕನ್ನಡ ಮೇಷ್ಟ್ರ ಚಟ, ಕ್ಷಮಿಸಿ.) ಉರುವೇಲದಲ್ಲಿ ಸಿದ್ಧಾರ್ಥ ಸಾಧನೆಗೆ ಕುಳಿತದ್ದೂ ಅಲ್ಲಿನ ತೋಪು ಚೆಂದ, ನದಿ ತಿಳಿಯಾಗಿದೆ ಎಂದು ನೋಡಿಯೇ.

ಬಾಬಾಸಾಹೇಬರು ಕಾಂಗ್ರೆಸ್ ಮತ್ತು ಗಾಂಧಿ ಕುರಿತು 1945ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬಿಡುವಿನ ಪರವಾಗಿ ಗಟ್ಟಿಯಾಗಿ ವಾದಿಸುತ್ತಾರೆ. ಹೊಟ್ಟೆಗೆ ದುಡಿಯುವುದರಲ್ಲೇ ದಿನ ಮುಗಿದರೆ ಮನಸ್ಸು ಬೆಳೆಸಿಕೊಳ್ಳಲು ಹೊತ್ತೆಲ್ಲಿ? ಯಂತ್ರ ಬೇಕು ಎಂದು ಅವರು ಹಟ ಹಿಡಿದದ್ದು ಇದಕ್ಕೇ. ನಮ್ಮ ಹಿರಿಯರಿಗೆ ದಣಿದು ಬೀಳುವುದು ಗೊತ್ತಿತ್ತು, ಸುಮ್ಮನೆ ಕೂರುವುದು ಸಿಕ್ಕಿರಲಿಲ್ಲ. ಹಾಗಂತ ಕುಡಿದು, ಕೂಗಾಡಿ, ದಂಡೆಯ ತುಂಬ ಪ್ಲಾಸ್ಟಿಕ್ ಚೆಲ್ಲಿ ಬರುವ ಪಿಕ್‌ನಿಕ್ ಆಗಿದ್ದರೆ ನಾನೂ ಉಪಾಸಕರ ಪಕ್ಷವೇ. ಐದನೆಯ ಶೀಲಕ್ಕೆ ರಜೆ ಇಲ್ಲ.

ಅಜ್ಜಿಯನ್ನು ಕಡೆಗೆ ಇಳಿಸಿದ್ದು ನಾನಲ್ಲ, ಐದನೆಯ ತರಗತಿಯ ಒಬ್ಬ ಹುಡುಗಿ. ಕೈ ಹಿಡಿದು ಎಳೆದುಕೊಂಡೇ ಬಂದಳು. ಅಜ್ಜಿ ಚಾಪೆಯ ಅಂಚಿನಲ್ಲಿ ಕಾಲು ಚಾಚಿ ಕುಳಿತು ರೊಟ್ಟಿ ಮುರಿದರು. ಬಹಳ ಹೊತ್ತು ಹಕ್ಕಿಗಳನ್ನೇ ನೋಡಿ ಕೇಳಿದರು:

"ಇವಕ್ಕ ಯಾವೂರು, ಯಾರ ಪೈಕಿ ಅಂತ ಯಾರೂ ಕೇಳೂದಿಲ್ಲೇನು?"

ಬರುವ ರವಿವಾರದ ಓದು: 'ವೇಟಿಂಗ್ ಫಾರ್ ಎ ವೀಸಾ', ದೌಲತಾಬಾದ್ ಭಾಗ. ಪ್ರಶ್ನೆ ಕೇಳಿದ ಉಪಾಸಕರು ತಪ್ಪದೇ ಬರಬೇಕು. ಅಜ್ಜಿ ಬರುತ್ತೇನೆ ಅಂದಿದ್ದಾರೆ.

ಜೈ ಭೀಮ್.