ಮರದ ಸೌಟಿನ ಕಡೆತ ಮತ್ತು ಹಿಡಿಪಟ್ಟು

ಮಂಗಳೂರಿನ ಅಡುಗೆಮನೆಗಳಿಗೆ ಗೆರಟೆಯ ಸೌಟು ಚಿರಪರಿಚಿತ. ಗೆರಟೆಯ ಕುಳಿ ನಿಸರ್ಗದತ್ತವಾದುದು. ಮರದ ಸೌಟಿಗಾದರೋ ಅದನ್ನು ಕಡೆದೇ ಮಾಡಬೇಕು.

ಮೊದಲು ಹಲಸಿನ ತುಂಡನ್ನು ಲೇತಿನ ಎರಡು ಮೊನೆಗಳ ನಡುವೆ ನಿಲ್ಲಿಸಿ, ಗುಂಡನ್ನೂ ಹಿಡಿಯನ್ನೂ ಒಂದೇ ಅಕ್ಷದಲ್ಲಿ ಕಡೆಯುವರು. ಅನಂತರ ಗುಂಡನ್ನು ತೋಡುವಾಗ ಹಿಡಿಯು ಅಡ್ಡಲಾಗಿ ಸುತ್ತುತ್ತದೆ. ವೇಗದಲ್ಲಿ ಅದು ಕಣ್ಣಿಗೆ ಕಾಣದು. ತಗುಲಿದರೆ ಬೆರಳು ಮುರಿದೀತು. ಆದುದರಿಂದ ಜಿಗ್ ಎಂಬ ಹಿಡಿಪಟ್ಟನ್ನು ಕುಶಲಕರ್ಮಿಯು ತಾನೇ ಮಾಡಿಕೊಳ್ಳುವನು: ದಪ್ಪ ಮರದ ಬಿಲ್ಲೆಯಲ್ಲಿ ಗುಂಡು ಕೂರುವ ತಗ್ಗು, ಹಿಡಿಯು ಅಂಚಿನೊಳಗೇ ಅಡಗುವ ಗಾಡಿ, ಮೇಲೆ ಸ್ಕ್ರೂಗಳಿಂದ ಬಿಗಿದ ಉಂಗುರಪಟ್ಟಿ. ತೂಕವು ಒಂದು ಬದಿಗೆ ವಾಲದಂತೆ ಸರಿದೂಗಿಸಿ, ಕೈಯಿಂದ ತಿರುಗಿಸಿ ನೋಡಿ, ಬಳಿಕ ನಿಧಾನವೇಗದಲ್ಲಿ ತೋಡಬೇಕು.

12ನೆಯ ಶತಮಾನದ ಶರಣ ಬಾಚಿಕಾಯಕದ ಬಸವಯ್ಯನವರ ಹೆಸರಿನಲ್ಲಿಯೇ ಮರಗೆಲಸದ ಬಾಚಿಯಿದೆ. ವಿದ್ಯಾರ್ಥಿಯ ಕೈಗೆ ಉಳಿಯನ್ನು ಕೊಡುವ ಮುನ್ನ ಹಿಡಿಪಟ್ಟನ್ನು ಮಾಡಲು ಕಲಿಸುವುದು ಆ ಕಾಯಕಪರಂಪರೆಗೆ ಸಲ್ಲುವ ಗೌರವ.