ನಿಧಾನದಲ್ಲಿ ಅಡಗಿರುವ ಉಳಿತಾಯ

ಬ್ಯಾಟರಿಯಿಂದ ನಡೆಯುವ ಹೃದಯಬಡಿತದ ಮಾಪಕವೊಂದನ್ನು ನಾವು ಭಾವಿಸೋಣ. ಅದರ ಪ್ರಾಸೆಸರು 10 ಮಿಲಿಸೆಕೆಂಡಿಗೊಮ್ಮೆ ಅಳತೆ ತೆಗೆದುಕೊಳ್ಳಬೇಕು. ಪೂರ್ಣ ವೇಗದಲ್ಲಿ ಇದಕ್ಕೆ 2 ಮಿಲಿಸೆಕೆಂಡು ಸಾಕು. 20 ಮಿಲಿಸೆಕೆಂಡಿಗೊಮ್ಮೆ ಅವುಗಳನ್ನು ಪರಿಶೀಲಿಸಬೇಕು, ಇದಕ್ಕೆ 6. ಮುಂದಿನ ಸರದಿ ಬರುವುದರೊಳಗೆ ಪ್ರತಿಯೊಂದು ಕೆಲಸವೂ ಮುಗಿಯಲೇಬೇಕು. ಗಡುವು ಮೀರಿ ಬಂದ ಉತ್ತರ ಸರಿಯಾಗಿದ್ದರೂ ರೋಗಿಗೆ ನಿರರ್ಥಕ. ಬ್ಯಾಟರಿ ಬೇಗನೆ ಬರಿದಾದರೂ ಅಪಾಯವೇ.

ವೇಗವನ್ನು ಅರ್ಧಕ್ಕಿಳಿಸಿದರೆ ಉಳಿತಾಯವಾದೀತೆ? ಬರಿಯ ವೇಗವನ್ನಿಳಿಸಿ ಫಲವಿಲ್ಲವೆಂದರೆ ವಿದ್ಯಾರ್ಥಿಗಳಿಗೆ ಸೋಜಿಗವೆನಿಸಬಹುದು. ಸಾಮರ್ಥ್ಯ ಅರ್ಧವಾಗುವುದು ನಿಜ. ಆದರೆ ಕೆಲಸಕ್ಕೆ ಹಿಡಿಯುವ ಕಾಲ ಇಮ್ಮಡಿಯಾಗುವುದು. ವ್ಯಯವಾದ ಶಕ್ತಿ ಮೊದಲಿನಷ್ಟೇ! ಮರ್ಮವಿರುವುದು ವೋಲ್ಟೇಜಿನಲ್ಲಿ. ಟ್ರಾನ್ಸಿಸ್ಟರುಗಳು ಸ್ಥಿತಿ ಬದಲಿಸುವಾಗಲೆಲ್ಲ ಅತಿಸೂಕ್ಷ್ಮ ಧಾರಕಗಳು ತುಂಬಿ ಬರಿದಾಗುತ್ತವೆ. ಅದಕ್ಕೆ ತಗಲುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿದೆ. ನಿಧಾನವಾಗಿ ನಡೆಯುವ ಪ್ರಾಸೆಸರಿಗೆ ಕಡಿಮೆ ವೋಲ್ಟೇಜು ಸಾಲುತ್ತದೆ. 1.2 ವೋಲ್ಟನ್ನು 0.9ಕ್ಕೆ ಇಳಿಸಿದೆವೆನ್ನಿ; ಶಕ್ತಿಯ ವ್ಯಯ ಮೊದಲಿನ 0.56ರಷ್ಟಕ್ಕೆ ಇಳಿಯುವುದು.

ಇನ್ನು ಗಡುವಿನ ಮಾತು. 2/10ಕ್ಕೆ 6/20ನ್ನು ಕೂಡಿದರೆ 0.5. ನಡೆಯುತ್ತಿರುವ ಕೆಲಸವನ್ನು ತಡೆದಾದರೂ ಗಡುವು ಹತ್ತಿರವಿರುವುದನ್ನೇ ಮೊದಲು ಮಾಡಿದಲ್ಲಿ, ಈ ಮೊತ್ತ 1ನ್ನು ಮೀರದಿರುವವರೆಗೆ ಯಾವ ಗಡುವೂ ತಪ್ಪದೆಂದು ಲಿಯು ಮತ್ತು ಲೇಲ್ಯಾಂಡ್ 1973ರಲ್ಲಿ ಸಾಧಿಸಿದರು. ಅರ್ಧವೇಗದಲ್ಲಿ ಮೊತ್ತ ಸರಿಯಾಗಿ 1 ಆಗುತ್ತದೆ. ಕೆಲಸದಿಂದ ಕೆಲಸಕ್ಕೆ ಹೊರಳುವ ಕಾಲವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲವಾದ್ದರಿಂದ, ವ್ಯವಹಾರದಲ್ಲಿ ತುಸು ಹೆಚ್ಚಿನ ವೇಗವನ್ನೇ ಇಟ್ಟುಕೊಳ್ಳುವುದು ಕ್ಷೇಮ.

ಗಡುವು ಬಹುದೂರವಿದ್ದರೂ ನಿಧಾನಕ್ಕೊಂದು ಮಿತಿಯುಂಟು. ಟ್ರಾನ್ಸಿಸ್ಟರುಗಳ ಮೂಲಕ ಸದಾ ಸೋರುವ ಅಲ್ಪ ಪ್ರವಾಹವು ಕೆಲಸ ಲಂಬಿಸಿದಷ್ಟೂ ಶಕ್ತಿಯನ್ನು ನುಂಗುತ್ತದೆ. ಅಂಥಲ್ಲಿ ಬೇಗ ಮುಗಿಸಿ ಪ್ರಾಸೆಸರನ್ನು ನಿದ್ರೆಗೆ ಕಳುಹಿಸುವುದೇ ಲಾಭಕರ.