ಭಿತ್ತಿಪತ್ರದ ಕಳ್ಳನೂ ಫೋನಿನ ಕಳ್ಳನೂ

ಆನ್‌ಲೈನ್ ವಂಚನೆಯ ಬಗ್ಗೆ ಎಚ್ಚರಿಸುವ ಭಿತ್ತಿಪತ್ರಗಳನ್ನು ಬೆಳೆಗಾರ ಬಂಧುಗಳು ನೋಡಿಯೇ ಇರುತ್ತೀರಿ. ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರವೊಂದುಂಟು: ಕತ್ತಲ ಕೋಣೆ, ತಲೆಗೆ ಮುಸುಕು ಹಾಕಿದ ಮುಖವಿಲ್ಲದ ಮನುಷ್ಯ, ಎದುರಿಗೆ ಕಂಪ್ಯೂಟರು. ಈ ಚಿತ್ರ ಭಯ ಹುಟ್ಟಿಸುತ್ತದೆಯೇ ಹೊರತು ಕಳ್ಳನ ಗುರುತು ಹಿಡಿಯಲು ಕಲಿಸುವುದಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ತೊಗಲುಗೊಂಬೆ ಹೊಸದಲ್ಲ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಈ ಕಲೆಗಾಗಿಯೇ ಪದ್ಮಶ್ರೀ ಬಂದಿತು. ರಾಮಾಯಣದ ರಾವಣ ಸೀತೆಯ ಬಾಗಿಲಿಗೆ ಹತ್ತು ತಲೆ ಹೊತ್ತು ಬರಲಿಲ್ಲ. ಸನ್ಯಾಸಿಯಾಗಿ ಭಿಕ್ಷೆ ಬೇಡುತ್ತಾ ಬಂದ. ಮುಸುಕಿನ ಚಿತ್ರ ಬರೆಯುವವರು ಮರೆತಿರುವುದು ಈ ವೇಷವನ್ನೇ.

2024ರ ಅಕ್ಟೋಬರ್ 27ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರು 'ಡಿಜಿಟಲ್ ಅರೆಸ್ಟ್' ವಂಚನೆಯ ಒಂದು ಕರೆಯನ್ನೇ ಕೇಳಿಸಿದರು. ಕರೆ ಸ್ವೀಕರಿಸಿದವರು ಕರ್ನಾಟಕದವರು. ಎದುರಿಗಿದ್ದವನ ಮೈಮೇಲೆ ಪೊಲೀಸ್ ಸಮವಸ್ತ್ರ. ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲವೆಂದು ಅಂದು ಸ್ಪಷ್ಟಪಡಿಸಲಾಯಿತು. ಆ ಸಮವಸ್ತ್ರವನ್ನೇ ಭಿತ್ತಿಪತ್ರದಲ್ಲಿ ಬರೆದರೆ ನೂರು ಮುಸುಕಿಗಿಂತ ಹೆಚ್ಚು ಉಪಯೋಗ.

ರಿಸರ್ವ್ ಬ್ಯಾಂಕು 2022ರಲ್ಲಿ ಹೊರತಂದ 'ರಾಜು ಮತ್ತು ನಲವತ್ತು ಕಳ್ಳರು' ಎಂಬ ಸಚಿತ್ರ ಪುಸ್ತಿಕೆಯ ದಾರಿ ಬೇರೆ. ಅದರ ನಡುವೆ ನಿಂತಿರುವವನು ಕಳ್ಳನಲ್ಲ, ಮೋಸಹೋಗುವ ರಾಜು. ಎಡವುವುದು ಎಲ್ಲಿ ಎಂಬುದನ್ನು ಓದುಗ ಅವನ ಜೊತೆಯಲ್ಲೇ ಕಾಣುತ್ತಾನೆ.

ನಮ್ಮವರಿಗೆ ತೀರ ಬೇಕಾದ ಚಿತ್ರ ಇನ್ನೊಂದಿದೆ. ಮಾಲು ಕೊಳ್ಳುವೆನೆಂದು ಅಪರಿಚಿತನೊಬ್ಬ ಫೋನು ಮಾಡುತ್ತಾನೆ. "ಮುಂಗಡ ಕಳಿಸ್ತೀನಿ ಯಜಮಾನ್ರೇ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎನ್ನುತ್ತಾನೆ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ; ಒತ್ತಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದ. ಇದನ್ನು ಬರೆಯಲು ಕಳ್ಳನೇ ಬೇಡ. ಒಂದು ಬೆರಳು, ಪಿನ್ನಿನ ಚೌಕ, ಖಾತೆಯಿಂದ ಹೊರಕ್ಕೆ ಹೋಗುವ ಒಂದು ಬಾಣದ ಗುರುತು ಇದ್ದರಾಯಿತು. ಓದು ಬಾರದವರಿಗೂ ಅರ್ಥವಾಗುತ್ತದೆ.

ಸಹಾಯವಾಣಿಯ ಸಂಖ್ಯೆ 1930. ಎಷ್ಟೋ ಭಿತ್ತಿಪತ್ರಗಳಲ್ಲಿ ಇದು ಮೂಲೆಯಲ್ಲಿ, ಲಾಂಛನಗಳ ಸಾಲಿನಡಿ ಅಡಗಿರುತ್ತದೆ. ಮಾಲು ತೂಗುವ ಜಾಗದ ಗೋಡೆಯ ಮೇಲೆ ಇದನ್ನು ಅಂಗೈಯಗಲ ಅಂಕಿಗಳಲ್ಲಿ ಬರೆಸಿರಿ. ಹಣ ಹೋದ ಕೂಡಲೇ ತಿಳಿಸಿದರೆ, ಅದು ಕೈ ಬದಲಾಗುವ ಮೊದಲೇ ಬ್ಯಾಂಕಿನವರು ತಡೆಹಿಡಿಯಲು ಅವಕಾಶವುಂಟು.